‘ಆನುವಂಶಿಕ ಅಪರಾಧ’ ಅನ್ನಬಹುದೇ?

ಎಲ್ಲರಿಗೂ ಮಡಿಕೇರಿಯಿಂದ ನಮಸ್ಕಾರ.

ಅಂಗನವಾಡಿ ಕಾರ್ಯಕರ್ತೆಯರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಪ್ಪನೋ ಅಣ್ಣನೋ ಜೈಲು ಕಂಡ ಮನೆಯ ಮಕ್ಕಳು ಮುಂದೆ ಅದೇ ದಾರಿ ಹಿಡಿಯುವ ಸಂಭವ ಯಾಕೆ ಜಾಸ್ತಿ ಅನ್ನುವುದು ವಿಷಯ. ಕರಡಿನಲ್ಲಿ ಇದಕ್ಕೆ ‘ಆನುವಂಶಿಕ ಅಪರಾಧ’ ಎಂದಿದೆ. ನನಗೆ ಒಪ್ಪಿಗೆಯಾಗಿಲ್ಲ.

ಆನುವಂಶಿಕ ಅಂದ ಕೂಡಲೇ ನಮಗೆ ನೆನಪಾಗುವುದು ಸಕ್ಕರೆ ಕಾಯಿಲೆ. ರಕ್ತದಲ್ಲೇ ಬಂದದ್ದು, ಮಾಡುವುದೇನೂ ಇಲ್ಲ ಅನ್ನುವ ಧ್ವನಿ. ದಕ್ಷಿಣ ಲಂಡನ್ನಿನ 411 ಹುಡುಗರನ್ನು 1961ರಿಂದ ದಶಕಗಟ್ಟಲೆ ಗಮನಿಸಿದ ಅಧ್ಯಯನವೊಂದಿದೆ. ಅಲ್ಲಿ ಕುಟುಂಬಗಳಿಗೆ ಆದ ಒಟ್ಟು ಶಿಕ್ಷೆಗಳಲ್ಲಿ ಅರ್ಧದಷ್ಟು ಬರೀ ಶೇ. 6ರಷ್ಟು ಮನೆಗಳಿಗೇ ಸೇರಿದ್ದವು. ಇದನ್ನು ನೋಡಿ ‘ಹುಟ್ಟುಗುಣ ಸುಟ್ಟರೂ ಹೋಗದು’ ಅಂದುಬಿಡುವುದು ಸುಲಭ. ಡೆನ್ಮಾರ್ಕಿನಲ್ಲಿ ದತ್ತು ಹೋದ ಮಕ್ಕಳ ಅಧ್ಯಯನದಲ್ಲಿ ಹೆತ್ತವರ ಪಾಲೂ ಸ್ವಲ್ಪ ಕಂಡಿದೆ, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಬಡತನ, ಮಕ್ಕಳ ಮೇಲೆ ನಿಗಾ ಇಲ್ಲದಿರುವುದು, ಮನೆಯೊಳಗಿನ ಹೊಡೆದಾಟ, ಅಣ್ಣನನ್ನು ನೋಡಿ ಕಲಿಯುವುದು, ಇವೆಲ್ಲ ರಕ್ತವಲ್ಲವಲ್ಲ. ಇನ್ನೊಂದು ಮಾತು: ಲಂಡನ್ನಿನದೇ ಮಾಹಿತಿಯ ಪ್ರಕಾರ, ಮಾಡಿದ ತಪ್ಪು ಒಂದೇ ಮಟ್ಟದ್ದಾದರೂ ಅಪ್ಪನಿಗೆ ಶಿಕ್ಷೆಯಾಗಿದ್ದ ಹುಡುಗನಿಗೇ ಶಿಕ್ಷೆ ಬೀಳುವುದು ಜಾಸ್ತಿ. ಅಂದರೆ ತಲೆಮಾರು ದಾಟುವುದರಲ್ಲಿ ಪೊಲೀಸರ ಕಣ್ಣೂ ಒಂದು.

ನಮ್ಮಲ್ಲಿ ಈ ‘ರಕ್ತದ’ ಮಾತು ಕಾನೂನೇ ಆಗಿತ್ತು. 1871ರಲ್ಲಿ ಬ್ರಿಟಿಷರು ಇಡೀ ಸಮುದಾಯಗಳನ್ನು ‘ಅಪರಾಧಿ ಬುಡಕಟ್ಟು’ ಎಂದು ಬರೆದಿಟ್ಟರು. ಆ ಕಾನೂನು ರದ್ದಾದದ್ದು 1952ರಲ್ಲಿ. ಹಾಗಾಗಿ ಸರ್ಕಾರಿ ಕೈಗೆ ಹೋಗುವ ಹೊತ್ತಗೆಯಲ್ಲಿ ‘ಆನುವಂಶಿಕ’ ಬೇಡವೇ ಬೇಡ.

ಹೀಗೆ ಹಣೆಪಟ್ಟಿ ಬೀಳುವ ಭಯ ಕೊಡಗಿನಲ್ಲಿ ಇನ್ನೂ ಹೆಚ್ಚು. ಇಲ್ಲಿ ಒಕ್ಕದ, ಅಂದರೆ ಕೊಡವ ಮನೆತನದ, ಹೆಸರು ಹೇಳಿದರೆ ಸಾಕು, ಅಜ್ಜನ ಕಾಲದ ಜಗಳವೂ ನೆನಪಿಗೆ ಬರುತ್ತದೆ. ಲೈನ್ ಮನೆಯ, ಅಂದರೆ ತೋಟದ ಕೂಲಿಕಾರರ ಸಾಲುಮನೆಯ, ಹುಡುಗನ ಕತೆ ಬೇರೆ. ಅವನ ಅಜ್ಜ ಯಾರೆಂದು ತೋಟದಲ್ಲಿ ಯಾರಿಗೂ ಗೊತ್ತಿರುವುದಿಲ್ಲ, ಆದರೂ ಏನಾದರೂ ಕಳುವಾದರೆ ಮೊದಲು ಅವನನ್ನೇ ಕೇಳುತ್ತಾರೆ, ಅಲ್ವಾ?

ಈಗ ನನ್ನ ಮುಂದಿರುವ ಪದಗಳು. ‘ವಂಶಪಾರಂಪರ್ಯ’ದ್ದೂ ಅದೇ ತೊಂದರೆ, ಮೇಲಾಗಿ ಅರ್ಚಕರ ಹುದ್ದೆಯ ನೆನಪು ತರುತ್ತದೆ. ‘ಬಳುವಳಿ’ ಚೆಂದದ ಪದ, ಆದರೆ ಉಡುಗೊರೆಯ ವಾಸನೆ ಬಿಡುವುದಿಲ್ಲ. ‘ತಲೆಮಾರು ದಾಟುವ ಅಪರಾಧ’ ಸದ್ಯಕ್ಕೆ ನನ್ನ ಆಯ್ಕೆ. ‘ದಾಟುವ’ ಅಂದರೆ ನಡುವೆ ತಡೆಯಲೂಬಹುದು ಅನ್ನುವ ಅರ್ಥ ಉಳಿಯುತ್ತದೆ.

ಇನ್ನೊಂದು ತಲೆನೋವು ‘ವಿಚಲಿತ ವರ್ತನೆ’, ಅಂದರೆ ಸಮಾಜದ ಕಟ್ಟಳೆ ಮೀರಿದ ನಡತೆ. ಸಮಾಜಶಾಸ್ತ್ರದ ಪಾಠಕ್ಕೆ ಅದು ಸರಿ. ಆದರೆ ಪತ್ರಿಕೆ ಓದುವವರಿಗೆ ವಿಚಲಿತ ಅಂದರೆ ಮನಸ್ಸು ಕಲಕಿದವನು. ಶಾಲೆ ತಪ್ಪಿಸುವುದು, ಕುಡಿತ, ಸಣ್ಣಪುಟ್ಟ ಕಳವು ಎಲ್ಲಕ್ಕೂ ಹೊಂದುವ ಪದ ಬೇಕು. ‘ಅಡ್ಡದಾರಿ’ ಹತ್ತಿರ ಬರುತ್ತದೆ. ‘ಚಾಳಿ’ ಅಂದರೆ ಬೈದ ಹಾಗೆ.

‘ಅಡ್ಡದಾರಿ’ಯನ್ನು ಎಂಟು ವರ್ಷದ ಮಗುವಿನ ಬಗ್ಗೆ ಹೇಳಬಹುದೇ? ನಿಮ್ಮ ಊರಿನ ಕಡೆ ಇದಕ್ಕಿಂತ ಮೆದುವಾದ ಮಾತಿದ್ದರೆ, ಅದನ್ನು ಬಳಸುವ ಒಂದು ವಾಕ್ಯದ ಸಮೇತ ಬರೆಯಿರಿ.