ಅಪ್‌ಡೇಟ್: ಜಿಮ್‌ಗೆ ಹೋದರೂ ತೂಕ ಏರಿದ್ದು ಯಾಕೆ?
ಅನೊರೆಕ್ಸಿಯಾದಿಂದ (ದಪ್ಪ ಆಗ್ತೀವಿ ಅನ್ನೋ ಭಯದಲ್ಲಿ ಊಟ ತೀರಾ ಕಡಿಮೆ ಮಾಡುವ ಕಾಯಿಲೆ) ಚೇತರಿಸಿಕೊಂಡು ಜಿಮ್ ಶುರು ಮಾಡಿದೆ, ಊಟ ಅಷ್ಟೇ ಇದ್ದರೂ ತೂಕ ಏರುತ್ತಿದೆ ಅಂತ ಕೇಳಿದ್ದೆ ಅಲ್ವಾ? ಡಾಕ್ಟರನ್ನೂ ಡಯಟಿಷಿಯನ್ನನ್ನೂ ನೋಡಿ ಬಂದೆ.

ಥೈರಾಯ್ಡ್ ಸರಿ ಇದೆ. ಏರಿದ್ದರಲ್ಲಿ ಹೆಚ್ಚಿನದು ನೀರಂತೆ! ವ್ಯಾಯಾಮ ಶುರುವಾದಾಗ ಸ್ನಾಯುಗಳು ಗ್ಲೈಕೋಜನ್ (ಶಕ್ತಿಗಾಗಿ ದೇಹ ಉಳಿಸಿಕೊಳ್ಳುವ ಸಕ್ಕರೆಯ ರೂಪ) ಕೂಡಿಡುತ್ತವೆ. ಅದರ ಒಂದೊಂದು ಗ್ರಾಂ ಜೊತೆ ಸುಮಾರು 3 ಗ್ರಾಂ ನೀರೂ ಸೇರಿಕೊಳ್ಳುತ್ತದೆ. ಹೊಸದಾಗಿ ಭಾರ ಎತ್ತಿದಾಗ ಸ್ನಾಯು ರಿಪೇರಿಗೂ ಒಂದಿಷ್ಟು ನೀರು ನಿಲ್ಲುತ್ತದೆ.

ಊಟ ಕಡಿಮೆ ಮಾಡಲೇಬೇಡಿ, ಜಿಮ್ ದಿನ ಇನ್ನೊಂದು ತಿಂಡಿ ಸೇರಿಸಿ ಅಂದರು. ಅಮ್ಮನಿಗಂತೂ ಖುಷಿಯೋ ಖುಷಿ. ಮುಟ್ಟು ಮತ್ತೆ ಸರಿಯಾಗಿ ಬರುತ್ತಿರುವುದು ಡಾಕ್ಟರಿಗೆ ಜಾಸ್ತಿ ಸಮಾಧಾನ ತಂದಿತು. ತೂಕದ ಮಷಿನ್ ಸದ್ಯ ಅಕ್ಕನ ಮನೆ ಸೇರಿದೆ. ಇನ್ಮೇಲೆ ಕ್ಲಿನಿಕ್‌ನಲ್ಲೇ, ನಂಬರ್ ನನಗೆ ಕಾಣದ ಹಾಗೆ ತೂಗುತ್ತಾರೆ.