ಸಿಪ್ಯಾಪ್ ಮಾಸ್ಕ್ ನಡುರಾತ್ರಿ ಮುಖದಿಂದ ಕಳಚಿಹೋಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ದಾವಣಗೆರೆ ಮೇಷ್ಟ್ರು

ನನಗೆ 54 ವರ್ಷ, ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಊಟದ ನಂತರದ ತರಗತಿಯಲ್ಲಿ ಕುರ್ಚಿಯ ಮೇಲೆ ಕುಳಿತಲ್ಲೇ ಮಂಪರು ಹತ್ತಿ, ಮಕ್ಕಳು ನಗುವ ಸದ್ದಿಗೆ ಎಚ್ಚರವಾದದ್ದು ಒಂದೆರಡು ಸಲ ನಡೆದ ಮೇಲೆ, ಹೆಂಡತಿಯ ಒತ್ತಾಯಕ್ಕೆ ಮಣಿದು ನಿದ್ರೆಯ ಪರೀಕ್ಷೆ ಮಾಡಿಸಿಕೊಂಡೆ. ಗಂಟೆಗೆ ಸರಾಸರಿ 38 ಸಲ ಉಸಿರು ನಿಲ್ಲುತ್ತದೆ ಅಥವಾ ಕುಗ್ಗುತ್ತದೆ ಎಂದು ವರದಿ ಬಂದಿತು. 30 ದಾಟಿದರೆ ತೀವ್ರ ಸ್ಲೀಪ್ ಅಪ್ನಿಯಾ ಎಂದು ವಿವರಿಸಿದ ವೈದ್ಯರು, ಮಾಸ್ಕಿನ ಮೂಲಕ ಗಾಳಿಯೂದಿ ನಿದ್ರೆಯಲ್ಲಿ ಗಂಟಲು ಮುಚ್ಚಿಕೊಳ್ಳದಂತೆ ನೋಡಿಕೊಳ್ಳುವ, ಗಾಳಿಯ ಒತ್ತಡವನ್ನು ತಾನೇ ಹೊಂದಿಸಿಕೊಳ್ಳುವ ಸಿಪ್ಯಾಪ್ ಯಂತ್ರವನ್ನು ಬರೆದುಕೊಟ್ಟರು.

ಎರಡು ತಿಂಗಳಾಯಿತು. ರಾತ್ರಿ ಹತ್ತೂವರೆಗೆ ಮೂಗಿನ ಮಾಸ್ಕ್ ಹಾಕಿಕೊಂಡು ಮಲಗುತ್ತೇನೆ, ಎರಡು ಗಂಟೆಯ ಹೊತ್ತಿಗೆ ಅದು ದಿಂಬಿನ ಪಕ್ಕದಲ್ಲಿ ಬುಸುಗುಡುತ್ತಾ ಬಿದ್ದಿರುತ್ತದೆ. ತೆಗೆದದ್ದು ಯಾವಾಗ ಎಂಬುದು ನನಗೇ ತಿಳಿದಿರುವುದಿಲ್ಲ. ಬಾಯಿ ಒಣಗಿರುತ್ತದೆ, ಬೆಳಿಗ್ಗೆ ಹೊಟ್ಟೆಯಲ್ಲಿ ಗಾಳಿ ತುಂಬಿ ತೇಗು ಬರುತ್ತದೆ. ಯಂತ್ರದ ಲೆಕ್ಕದಲ್ಲಿ ಸರಾಸರಿ ಬಳಕೆ 3 ಗಂಟೆ 20 ನಿಮಿಷ, ಮಾಸ್ಕ್ ಹಾಕಿಕೊಂಡ ಹೊತ್ತಿನಲ್ಲಿಯೂ ಗಂಟೆಗೆ 9 ಅಡಚಣೆಗಳು ಉಳಿದಿವೆ. ದಿನಕ್ಕೆ ನಾಲ್ಕು ಗಂಟೆ ಹಾಕಿದರೆ ಸಾಕು ಎಂದು ಯಂತ್ರ ಮಾರಿದವರು ಹೇಳುತ್ತಾರೆ. ಶಂಖ ಊದುವುದನ್ನು ರೂಢಿಸಿಕೊಂಡರೆ ಯಂತ್ರವೇ ಬೇಡ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಅನುಭವವಿದ್ದವರು ದಾರಿ ತೋರಿಸಬೇಕೆಂದು ವಿನಂತಿ.

ಉತ್ತರ: ತುಂಗಾತೀರ, ಶಿವಮೊಗ್ಗ

ಮೇಷ್ಟ್ರೇ, ನಾನು ಒಂಬತ್ತು ವರ್ಷಗಳಿಂದ ಈ ಯಂತ್ರದೊಂದಿಗೆ ಮಲಗುತ್ತಿದ್ದೇನೆ, ಮೊದಲ ಮೂರು ತಿಂಗಳು ನಿಮ್ಮ ಸ್ಥಿತಿಯಲ್ಲಿಯೇ ಇದ್ದೆ. ನೀವು ಬರೆದಿರುವ ತೊಂದರೆಗಳು ಬೇರೆ ಬೇರೆಯಾಗಿ ಕಂಡರೂ ಬಹುಪಾಲು ಒಂದೇ ಬೇರಿನವು ಎಂದು ನನಗೆ ತೋರುತ್ತದೆ. ಮೂಗು ಕಟ್ಟಿದವನು ನಿದ್ರೆಯಲ್ಲಿ ಬಾಯಿ ತೆರೆಯುತ್ತಾನೆ, ಮೂಗಿನಿಂದ ಒಳಹೊಕ್ಕ ಗಾಳಿ ಬಾಯಿಯಿಂದ ಸೋರಿಹೋಗುತ್ತದೆ, ಬಾಯಿ ಒಣಗುತ್ತದೆ, ಗಂಟಲಿಗೆ ಸಿಗಬೇಕಾದ ಒತ್ತಡ ಸಿಗದೆ ಉಸಿರು ಮತ್ತೆ ಕಟ್ಟುತ್ತದೆ, ಆ ಕಿರಿಕಿರಿಗೆ ಕೈ ತಾನಾಗಿ ಮಾಸ್ಕನ್ನು ಕಿತ್ತೊಗೆಯುತ್ತದೆ. ಆದ್ದರಿಂದ ಯಂತ್ರವನ್ನು ದೂರುವ ಮೊದಲು ಮೂಗನ್ನು ತೋರಿಸಿಕೊಳ್ಳಿ. ನನಗೆ ದೂಳಿನ ಅಲರ್ಜಿಯಿತ್ತು. ಕಿವಿ ಮೂಗು ಗಂಟಲಿನ ವೈದ್ಯರು ಕೊಟ್ಟ ಸ್ಪ್ರೇ ಮತ್ತು ಮಲಗುವ ಮುನ್ನ ಉಪ್ಪುನೀರಿನಿಂದ ಮೂಗು ತೊಳೆಯುವ ರೂಢಿ, ಇವೆರಡರಿಂದಲೇ ಅರ್ಧ ಸಮಸ್ಯೆ ಕಳೆಯಿತು. ಮೂಗು ಸರಿಯಾದ ಮೇಲೂ ಬಾಯಿ ತೆರೆಯುತ್ತಿದ್ದರೆ ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್ ಇದೆ.

ಮಾಸ್ಕಿನ ಪಟ್ಟಿಗಳನ್ನು ಹಾಸಿಗೆಯ ಮೇಲೆ ಎದ್ದು ಕುಳಿತು ಬಿಗಿಯುವುದು ಎಲ್ಲರೂ ಮಾಡುವ ತಪ್ಪು. ಮಲಗಿದಾಗ ಕೆನ್ನೆಯ ಆಕಾರವೇ ಬದಲಾಗುತ್ತದೆ. ಯಂತ್ರ ಚಾಲೂ ಇರುವಾಗ, ನೀವು ಮಲಗುವ ಭಂಗಿಯಲ್ಲಿಯೇ ಸರಿಪಡಿಸಿಕೊಳ್ಳಿ. ಸೋರುತ್ತಿದೆಯೆಂದು ಮತ್ತಷ್ಟು ಬಿಗಿದರೆ ಸಿಲಿಕೋನ್ ಮೆತ್ತೆ ಮಡಚಿಕೊಂಡು ಸೋರಿಕೆ ಹೆಚ್ಚುತ್ತದೆಯೇ ಹೊರತು ನಿಲ್ಲುವುದಿಲ್ಲ. ಸಿಡ್ನಿಯ ಕಾಲಿನ್ ಸಲಿವನ್ ಅವರು 1981ರಲ್ಲಿ ಈ ಚಿಕಿತ್ಸೆಯನ್ನು ಮೊದಲು ವರದಿ ಮಾಡಿದ ಕಾಲದಲ್ಲಿ ಮಾಸ್ಕನ್ನು ರೋಗಿಯ ಮೂಗಿಗೆ ಅಂಟಿನಿಂದ ಅಂಟಿಸುತ್ತಿದ್ದರಂತೆ. ಅದನ್ನು ನೆನೆದರೆ ನಮ್ಮ ಪಾಡು ಎಷ್ಟೋ ಮೇಲು.

ಸಂಜೆ ಪತ್ರಿಕೆ ಓದುವಾಗಲೋ ಉತ್ತರಪತ್ರಿಕೆ ತಿದ್ದುವಾಗಲೋ ಅರ್ಧ ಗಂಟೆ ಮಾಸ್ಕ್ ಹಾಕಿಕೊಂಡು ಕುಳಿತಿರಿ. ನಿದ್ರೆಗೆಡಿಸುವ ವಸ್ತು ಎಂದು ಮನಸ್ಸಿನಲ್ಲಿ ಬೇರೂರಿದ ಭಾವನೆ ಹಾಗೆಯೇ ಸಡಿಲವಾಗುತ್ತದೆ.

ಉತ್ತರ: ಕಾವೇರಿ ಕಡೆಯವಳು, ಮಡಿಕೇರಿ

ಮೇಲಿನ ಹಿರಿಯರು ಹೇಳಿದ್ದಕ್ಕೆ ಮನೆವಾರ್ತೆಯ ಕೆಲವು ಮಾತುಗಳನ್ನು ಸೇರಿಸುತ್ತೇನೆ. ಮಲಗುವ ಮುನ್ನ ಮುಖಕ್ಕೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವ ಅಭ್ಯಾಸ ನನಗಿತ್ತು. ಎಣ್ಣೆಯ ಜಿಡ್ಡಿಗೆ ಮೆತ್ತೆ ಜಾರುತ್ತದೆ, ಬೇಗ ಹಾಳೂ ಆಗುತ್ತದೆ. ಈಗ ಮುಖ ತೊಳೆದು ಒರೆಸಿಕೊಂಡೇ ಮಲಗುತ್ತೇನೆ, ಬೆಳಿಗ್ಗೆ ಮೆತ್ತೆಯನ್ನು ಮೃದುವಾದ ಸೋಪಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸುತ್ತೇನೆ. ಮೂಗುತಿಯ ಸಂದಿಯಿಂದ ಗಾಳಿ ಸೋರುವುದನ್ನು ಕಂಡುಹಿಡಿಯಲು ನನಗೆ ಮೂರು ವಾರ ಹಿಡಿಯಿತು. ಪುರುಷರಿಗೆ ಮೀಸೆಯಿಂದ ಇದೇ ಗತಿ ಎಂದು ಕೇಳಿದ್ದೇನೆ.

ಗಾಳಿಗೆ ತೇವ ಕೊಡುವ ತೊಟ್ಟಿಗೆ ಬೋರ್‌ವೆಲ್ ನೀರು ಹಾಕಬೇಡಿ. ಕುದಿಸಿದರೂ ಅದರ ಲವಣಾಂಶ ಹೋಗುವುದಿಲ್ಲ, ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಡಿಸ್ಟಿಲ್ಡ್ ನೀರನ್ನೇ ಬಳಸಿ ದಿನವೂ ಬದಲಿಸುವುದು ಸರಿ. ನಮ್ಮ ಮಳೆಗಾಲದ ಚಳಿಗೆ ಕೊಳವೆಯೊಳಗೆ ನೀರು ಹನಿಗಟ್ಟಿ ಮೂಗಿಗೆ ಚಿಮ್ಮುತ್ತಿತ್ತು. ಯಂತ್ರವನ್ನು ಹಾಸಿಗೆಗಿಂತ ಕೆಳಗಿನ ಮಟ್ಟದಲ್ಲಿ ಇಟ್ಟು, ಕೊಳವೆಗೆ ಬಟ್ಟೆಯ ಕವಚ ಹೊಲಿದು ಹಾಕಿದ ಮೇಲೆ ನಿಂತಿತು.

ಕರೆಂಟ್ ಹೋದರೆ ಉಸಿರುಗಟ್ಟಿಬಿಡುತ್ತದೆ ಎಂದು ನಮ್ಮ ಅತ್ತೆ ಹೆದರುತ್ತಿದ್ದರು. ಮಾಸ್ಕಿನಲ್ಲಿ ಗಾಳಿಯಾಡಲು ರಂಧ್ರಗಳಿರುತ್ತವೆ, ಬಾಯಿಯನ್ನೂ ಮುಚ್ಚುವ ಬಗೆಯಲ್ಲಿ ಯಂತ್ರ ನಿಂತೊಡನೆ ತೆರೆದುಕೊಳ್ಳುವ ಕವಾಟವಿರುತ್ತದೆ. ಹೆಚ್ಚು ವಿದ್ಯುತ್ ಎಳೆಯುವುದು ನೀರು ಬಿಸಿಮಾಡುವ ಭಾಗ, ಅದನ್ನು ಆರಿಸಿದರೆ ಇನ್ವರ್ಟರ್ ಹೆಚ್ಚು ಹೊತ್ತು ಬರುತ್ತದೆ.

ಉತ್ತರ: ನಿದ್ರಾ ಪ್ರಯೋಗಾಲಯದ ತಂತ್ರಜ್ಞೆ, ಹುಬ್ಬಳ್ಳಿ

ನಾಲ್ಕು ಗಂಟೆಯ ಮಾತನ್ನು ಮೊದಲು ಬಿಡಿಸೋಣ. ಅಮೆರಿಕದ ಮೆಡಿಕೇರ್ ವಿಮೆಯು, ರೋಗಿಯು 30 ದಿನಗಳಲ್ಲಿ ಶೇ. 70ರಷ್ಟು ರಾತ್ರಿಗಳಾದರೂ ತಲಾ 4 ಗಂಟೆ ಯಂತ್ರ ಬಳಸಿದ್ದರೆ ಮಾತ್ರ ಖರ್ಚು ಭರಿಸುವುದನ್ನು ಮುಂದುವರಿಸುತ್ತದೆ. ಆ ಲೆಕ್ಕದ ಗೆರೆಯೇ ಎಲ್ಲೆಡೆ ಚಿಕಿತ್ಸೆಯ ಗುರಿ ಎಂಬಂತೆ ಹರಡಿಕೊಂಡಿದೆ. ವಾಸ್ತವದಲ್ಲಿ ಕನಸು ಕಾಣುವ ನಿದ್ರೆಯ ಹೆಚ್ಚಿನ ಭಾಗ ಬೆಳಗಿನ ಜಾವಕ್ಕೆ ಬರುತ್ತದೆ, ಆಗ ಗಂಟಲಿನ ಸ್ನಾಯುಗಳು ತೀರಾ ಸಡಿಲಗೊಂಡು ಅನೇಕರಲ್ಲಿ ಉಸಿರಿನ ಅಡಚಣೆ ಉಲ್ಬಣಿಸುತ್ತದೆ. ಎರಡು ಗಂಟೆಗೆ ಮಾಸ್ಕ್ ತೆಗೆಯುವವರು ಅತ್ಯಂತ ಅಗತ್ಯವಿರುವ ಹೊತ್ತಿನಲ್ಲಿಯೇ ರಕ್ಷಣೆಯಿಲ್ಲದೆ ಮಲಗಿರುತ್ತಾರೆ. ಎಚ್ಚರವಾದಾಗ ಗಂಟೆ ಎಷ್ಟೇ ಆಗಿರಲಿ, ಮತ್ತೆ ಹಾಕಿಕೊಳ್ಳಿ.

ಎರಡನೆಯದಾಗಿ, ನಿಮ್ಮ ಯಂತ್ರದ ಒತ್ತಡದ ವ್ಯಾಪ್ತಿ ಎಷ್ಟಿದೆ ಎಂದು ಕೇಳಿಕೊಳ್ಳಿ. ಕಾರ್ಖಾನೆಯಿಂದ ಬಂದಂತೆ 4ರಿಂದ 20 ಸೆಂಟಿಮೀಟರ್ ಜಲಒತ್ತಡಕ್ಕೆ (ಈ ಯಂತ್ರಗಳ ಗಾಳಿಯ ಒತ್ತಡವನ್ನು ಅಳೆಯುವ ಮಾನ ಇದು) ಬಿಟ್ಟಿದ್ದರೆ, ಆರಂಭದಲ್ಲಿ ಗಾಳಿ ಸಾಲದೆಂಬ ಚಡಪಡಿಕೆಯೂ ನಡುರಾತ್ರಿ ಒತ್ತಡ ಏರಿ ಹೊಟ್ಟೆಗೆ ಗಾಳಿ ಹೋಗುವುದೂ ಎರಡೂ ಆಗಬಹುದು. ಯಂತ್ರದ ಮೆಮೊರಿ ಕಾರ್ಡನ್ನು ವೈದ್ಯರ ಬಳಿಗೆ ಒಯ್ದರೆ ಸೋರಿಕೆ, ಒತ್ತಡ, ಉಳಿದ ಅಡಚಣೆಗಳನ್ನು ರಾತ್ರಿವಾರು ನೋಡಿ ವ್ಯಾಪ್ತಿಯನ್ನು ಕಿರಿದುಗೊಳಿಸುತ್ತಾರೆ. ಉಳಿದ ಅಡಚಣೆ 5ಕ್ಕಿಂತ ಕೆಳಗಿಳಿಯಬೇಕು. ನೀವೇ ಬದಲಿಸಲು ಹೋಗಬೇಡಿ.

ಶಂಖದ ಮಾತು ಪೂರ್ತಿ ಪೊಳ್ಳಲ್ಲ. ಜೈಪುರದಲ್ಲಿ 30 ಜನರ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನದಲ್ಲಿ, ಆರು ತಿಂಗಳು ಶಂಖ ಊದಿದವರಿಗೆ ಗಂಟೆಗೆ ನಾಲ್ಕೈದು ಅಡಚಣೆಗಳು ಕಡಿಮೆಯಾದವು. ಅವರೆಲ್ಲ ಮಧ್ಯಮ ಪ್ರಮಾಣದ ರೋಗಿಗಳು. ನಿಮ್ಮ 38ರಲ್ಲಿ ಐದನ್ನು ಕಳೆದರೆ ಉಳಿಯುವುದೆಷ್ಟು ಎಂದು ಗಣಿತದ ಮೇಷ್ಟ್ರಿಗೆ ನಾನು ಹೇಳಬೇಕಾಗಿಲ್ಲ. ತೂಕ ಹೆಚ್ಚಿದ್ದರೆ ಇಳಿಸುವುದರಿಂದ ಹೆಚ್ಚು ಫಲವಿದೆ. ದೇಹತೂಕದ ಹತ್ತನೇ ಒಂದು ಭಾಗ ಇಳಿದರೆ ಅಡಚಣೆಗಳು ಸುಮಾರು ಕಾಲುಭಾಗ ಇಳಿಯುತ್ತವೆ ಎಂದು ವಿಸ್ಕಾನ್ಸಿನ್‌ನ ದೀರ್ಘಾವಧಿ ಅಧ್ಯಯನ ತೋರಿಸಿದೆ. ರಾತ್ರಿಯ ಮದ್ಯವೂ ವೈದ್ಯರು ಹೇಳದ ನಿದ್ರೆಮಾತ್ರೆಯೂ ಗಂಟಲನ್ನು ಇನ್ನಷ್ಟು ಸಡಿಲಗೊಳಿಸುತ್ತವೆ. ಹಗಲಿನ ಮಂಪರು ಹೋಗುವವರೆಗೆ ಬೈಕ್ ಕಾರು ಓಡಿಸಬೇಡಿ. ಇದನ್ನು ಮಾತ್ರ ಲಘುವಾಗಿ ತೆಗೆದುಕೊಳ್ಳಬಾರದು.

ಪ್ರತಿಕ್ರಿಯೆ: ದಾವಣಗೆರೆ ಮೇಷ್ಟ್ರು, ಆರು ವಾರಗಳ ನಂತರ

ಎಲ್ಲರಿಗೂ ವಂದನೆಗಳು. ಮೂಗಿನೊಳಗೆ ಊತವಿತ್ತು, ಸ್ಪ್ರೇ ನಡೆಯುತ್ತಿದೆ. ಯಂತ್ರದ ಒತ್ತಡ ನಿಜವಾಗಿಯೂ 4ರಿಂದ 20ರವರೆಗೆ ಇತ್ತು, ವೈದ್ಯರು 7ರಿಂದ 13ಕ್ಕೆ ತಂದರು. ಬಳಕೆ ಈಗ 5 ಗಂಟೆ 50 ನಿಮಿಷ, ಉಳಿದ ಅಡಚಣೆ 3. ವಾರದಲ್ಲಿ ಎರಡು ರಾತ್ರಿ ಮಾಸ್ಕ್ ಇನ್ನೂ ದಿಂಬಿನ ಪಕ್ಕಕ್ಕೆ ಹೋಗುತ್ತದೆ, ಎಚ್ಚರವಾದಾಗ ಮತ್ತೆ ಹಾಕಿಕೊಳ್ಳುತ್ತೇನೆ. ಮೀಸೆಯನ್ನು ಉಳಿಸಿಕೊಂಡಿದ್ದೇನೆ. ಮುಂದಿನ ತಿಂಗಳು ಮಕ್ಕಳನ್ನು ಮೂರು ದಿನ ಹಂಪಿ ಪ್ರವಾಸಕ್ಕೆ ಕರೆದೊಯ್ಯಬೇಕಿದೆ. ಯಾತ್ರಿನಿವಾಸಕ್ಕೆ ಫೋನ್ ಮಾಡಿ, ಮಂಚದ ಪಕ್ಕದಲ್ಲಿ ಪ್ಲಗ್ ಇರುವ ಜಾಗವನ್ನೇ ನನಗೆ ಕೊಡಬೇಕೆಂದು ಹೇಳಿಟ್ಟಿದ್ದೇನೆ.