ಸ್ವಿಚ್ ಆಫ್ ಮಾಡಿದರೂ ಮಿನುಗುವ ಬಲ್ಬು, ಮುಟ್ಟಿದರೆ ಜುಮ್ಮೆನ್ನುವ ಬೋರ್ಡು

ಪ್ರಶ್ನೆ (ಬದಿಯಡ್ಕ ಸಮೀಪದಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಹೆಂಚಿನ ಮನೆಯ ವೈರಿಂಗ್ ಅಜ್ಜನ ಕಾಲದ್ದು. ಮರದ ಬೋರ್ಡುಗಳ ಮೇಲೆ ಹಳೆಯ ಕಪ್ಪು ಸ್ವಿಚ್‌ಗಳಿವೆ. ದನದ ಹಟ್ಟಿಗೆ ಎಲ್‌ಇಡಿ ಬಲ್ಬು ಹಾಕಿದ ಮೇಲೆ, ಸ್ವಿಚ್ ಆಫ್ ಮಾಡಿದರೂ ಅದು ರಾತ್ರಿಯಿಡೀ ಮಸುಕಾಗಿ ಮಿನುಗುತ್ತಿರುತ್ತದೆ. ಬಚ್ಚಲುಮನೆಯ ಹೊರಗೋಡೆಯ ಬೋರ್ಡಿನ ಸ್ಕ್ರೂವಿಗೆ ಆಟಿ ತಿಂಗಳ ಮಳೆಯಲ್ಲಿ ಒದ್ದೆ ಕೈ ತಾಗಿದರೆ ಜುಮ್ಮೆನ್ನುತ್ತದೆ. ಹಳೆಯ ವೈರನ್ನೇ ಉಳಿಸಿಕೊಂಡು, ಹೊಸ ಮಾಡ್ಯುಲರ್ ಸ್ವಿಚ್‌ಗಳನ್ನು ನಾನೇ ಕೂರಿಸಬೇಕೆಂದಿದ್ದೇನೆ. ಕರೆಂಟ್ ಹೋಗಿರುವ ಹೊತ್ತಿನಲ್ಲಿ ಈ ಕೆಲಸ ಮಾಡಿದರೆ ಸಾಕೇ? ಅದೇ ಬೋರ್ಡಿನಿಂದ 2,000 ವಾಟಿನ ಗೀಸರಿಗೂ ಒಂದು ಸ್ವಿಚ್ ಕೊಡಬಹುದೇ?

ಉತ್ತರ 1 (ಕುಂಬಳೆಯಿಂದ)

ನಮಸ್ಕಾರ. ಪರವಾನಗಿ ಪಡೆದು ಈ ಭಾಗದಲ್ಲಿ ವೈರಿಂಗ್ ಕೆಲಸ ಮಾಡುವವನಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಜುಮ್ಮೆನ್ನುವ ಆ ಬೋರ್ಡನ್ನು ಮನೆಯವರು ಯಾರೂ ಇನ್ನು ಮುಟ್ಟಬಾರದು. ಮೈನ್ ಸ್ವಿಚ್ ಆಫ್ ಮಾಡಿ ಆ ಲೈನಿನ ಫ್ಯೂಸನ್ನು ಇಂದೇ ಕಿತ್ತಿಡಿ. ತೇವ ಕುಡಿದ ಮರದ ಮೂಲಕ ಸ್ಕ್ರೂವಿನವರೆಗೆ ಕರೆಂಟ್ ಬರುತ್ತಿದೆ ಎಂದೇ ಇದರ ಅರ್ಥ, ಮತ್ತು ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತವರಿಗೆ ಅದು ಬರೀ ಜುಮ್ಮೆನ್ನುವಲ್ಲಿಗೆ ನಿಲ್ಲಬೇಕೆಂದಿಲ್ಲ.

ಇನ್ನು ಹಟ್ಟಿಯ ಬಲ್ಬು. ಸ್ವಿಚ್‌ನಲ್ಲಿ ಪುಟ್ಟ ಕೆಂಪು ಇಂಡಿಕೇಟರ್ ಇದ್ದರೆ ಅದರ ಮೂಲಕ ಹರಿಯುವ ಅತ್ಯಲ್ಪ ಕರೆಂಟಿಗೂ ಎಲ್‌ಇಡಿ ಮಿನುಗುವುದುಂಟು. ನಿಮ್ಮ ಹಳೆಯ ಸ್ವಿಚ್‌ನಲ್ಲಿ ಅದು ಇರಲಾರದು. ಹಾಗಾಗಿ ಸ್ವಿಚ್ ಫೇಸನ್ನು (ಕರೆಂಟ್ ತರುವ ವೈರನ್ನು) ಬಿಟ್ಟು ನ್ಯೂಟ್ರಲ್ ವೈರನ್ನು (ಕರೆಂಟ್ ಮರಳಿ ಹೋಗುವ ವೈರನ್ನು) ಕಡಿಯುತ್ತಿದೆ ಎಂಬ ಸಂಶಯ ಬಲವಾಗುತ್ತದೆ. ಹಾಗೆ ಜೋಡಿಸಿದ್ದರೆ ದೀಪ ಆರಿದಂತೆ ಕಂಡರೂ ಹೋಲ್ಡರಿನಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ, ಸ್ವಿಚ್ ಆಫ್ ಮಾಡಿದ್ದೇನೆಂಬ ಧೈರ್ಯದಲ್ಲಿ ಬಲ್ಬು ಬದಲಿಸಲು ಹೋದವರ ಬೆರಳು ಪಿನ್ನಿಗೆ ತಾಗುತ್ತದೆ. ಹಿಂದಿನ ತಂತಿಯ ಬಲ್ಬು ಇಷ್ಟು ಸಣ್ಣ ಕರೆಂಟಿಗೆ ಬೆಳಗುತ್ತಿರಲಿಲ್ಲವಾದ್ದರಿಂದ ಈ ದೋಷ ಇಷ್ಟು ಕಾಲ ಯಾರ ಗಮನಕ್ಕೂ ಬಂದಿರಲಿಕ್ಕಿಲ್ಲ. ಉದ್ದದ ವೈರಿಂಗ್‌ನಲ್ಲಿ ಜೋಡಣೆ ಸರಿಯಿದ್ದೂ ಕೆಲವೊಮ್ಮೆ ಹೀಗಾಗುತ್ತದೆ, ಆದರೆ ಪರೀಕ್ಷಿಸದೆ ಹಾಗೆಂದು ನಂಬುವಂತಿಲ್ಲ. ಟೆಸ್ಟರ್ ಒಂದನ್ನೇ ನೆಚ್ಚಿಕೊಳ್ಳದೆ ಮಲ್ಟಿಮೀಟರಿನಲ್ಲೂ ನೋಡಿಸಬೇಕು. ಯಾವ ಉಪಕರಣವನ್ನಾದರೂ ಮೊದಲು ಕರೆಂಟ್ ಇರುವುದು ಖಚಿತವಾದ ಜಾಗದಲ್ಲಿ ಪರೀಕ್ಷಿಸಿ ನೋಡಿದ ಮೇಲೆಯೇ ಬಳಸಬೇಕು.

ಕರೆಂಟ್ ಹೋದ ಹೊತ್ತಿನಲ್ಲಿ ಕೆಲಸ ಮಾಡುವ ಯೋಚನೆಯನ್ನು ದಯವಿಟ್ಟು ಬಿಟ್ಟುಬಿಡಿ. ಹೋದ ಕರೆಂಟ್ ಯಾವ ಕ್ಷಣದಲ್ಲೂ ಬರಬಹುದು. ನಮ್ಮ ಕಡೆ ಮಳೆಗಾಲದ ಪವರ್ ಕಟ್‌ಗೆಂದು ಇನ್ವರ್ಟರ್ ಇಟ್ಟುಕೊಂಡ ಮನೆಗಳೇ ಹೆಚ್ಚು. ಮೈನ್ ಸ್ವಿಚ್ ಆಫ್ ಮಾಡಿದ ಮೇಲೂ ಇನ್ವರ್ಟರಿನ ಲೈನಿನಲ್ಲಿ ಪೂರ್ಣ ವೋಲ್ಟೇಜ್ ಇರುತ್ತದೆ. ಎರಡನ್ನೂ ಆಫ್ ಮಾಡಿ, ಪುನಃ ಪರೀಕ್ಷಿಸಿ, ಬೇರೆಯವರು ಆನ್ ಮಾಡದಂತೆ ಮನೆಯವರಿಗೆ ತಿಳಿಸಿಯೇ ಬೋರ್ಡು ಬಿಚ್ಚಬೇಕು.

ಗೀಸರನ್ನು ಆ ಬೋರ್ಡಿಗೆ ಸೇರಿಸಬೇಡಿ. 2,000 ವಾಟಿಗೆ ಸುಮಾರು 8.7 ಆಂಪಿಯರ್ ಬೇಕು. ದೀಪದ ಸ್ವಿಚ್ ಇರುವುದು 6 ಆಂಪಿಯರಿಗೆ. ಅದಕ್ಕೆ ಮೀಟರ್ ಬೋರ್ಡಿನಿಂದಲೇ ಬೇರೆ ಲೈನು, ಅರ್ತ್ (ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ವೈರು) ಸಹಿತ ದಪ್ಪ ವೈರು, ಪ್ರತ್ಯೇಕ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಆಫ್ ಆಗುವ ಸ್ವಿಚ್), 16 ಆಂಪಿಯರಿನ ಸ್ವಿಚ್ ಬೇಕಾಗುತ್ತದೆ. ಹಳೆಯ ವೈರಿನ ಮೇಲುಹೊದಿಕೆ ಬಗ್ಗಿಸಿದೊಡನೆ ಬಿರುಕು ಬಿಡುವಂತಿದ್ದರೆ, ಅದಕ್ಕೆ ಹೊಸ ಸ್ವಿಚ್ ಕೂರಿಸಿ ಪ್ರಯೋಜನವಿಲ್ಲ. ನಿಮ್ಮ ಮನೆಗೆ ಬೇಕಾದದ್ದು ಪೂರ್ತಿ ಹೊಸ ವೈರಿಂಗ್. ಅದನ್ನು ಪರವಾನಗಿ ಇರುವವರಿಂದಲೇ ಮಾಡಿಸಿ.

ಉತ್ತರ 2 (ಮಂಜೇಶ್ವರದಿಂದ)

ಮೇಲಿನವರು ಹೇಳಿದ್ದು ಸರಿಯಾಗಿದೆ. ಹಟ್ಟಿ ಮತ್ತು ಹೊರಗೋಡೆಯ ವಿಷಯದಲ್ಲಿ ಎರಡು ಮಾತು ಸೇರಿಸುತ್ತೇನೆ. ಸ್ವಿಚ್‌ಗೆ ಮುಚ್ಚಳವಿರುವ, ನೀರು ನುಗ್ಗದ ಪ್ಲಾಸ್ಟಿಕ್ ಬಾಕ್ಸ್ ಹಾಕಿಸಿ, ವೈರು ಅದರ ಒಳಗೆ ಕೆಳಗಡೆಯಿಂದಲೇ ಬರುವಂತೆ ನೋಡಿಕೊಳ್ಳಿ. ಮೇಲಿನಿಂದ ತಂದರೆ ಮಳೆನೀರು ವೈರಿನ ಗುಂಟ ಇಳಿದು ನೇರ ಸ್ವಿಚ್‌ನ ಹಿಂಬದಿಗೆ ಸೇರುತ್ತದೆ. ವೈರು ಹೊಕ್ಕುವ ತೂತನ್ನು ತೆರೆದು ಬಿಟ್ಟರೆ ಇರುವೆಗಳು ಒಳಗೆ ಗೂಡು ಮಾಡುತ್ತವೆ. ಅವುಗಳ ಮಣ್ಣು ಕಾಂಟ್ಯಾಕ್ಟಿನ ನಡುವೆ ಸಿಕ್ಕಿಕೊಂಡರೆ ಸ್ವಿಚ್ ಒತ್ತುವಾಗ ಚಟಚಟ ಸದ್ದು ಬರುತ್ತದೆ, ಪ್ಲೇಟು ಬಿಸಿಯಾಗಿ ಅಂಚು ಕಂದು ಬಣ್ಣಕ್ಕೆ ತಿರುಗುತ್ತದೆ. ಅಂಥ ಸ್ವಿಚ್‌ಗೆ ಸ್ಪ್ರೇ ಹೊಡೆದು ಸರಿಮಾಡಲು ಹೋಗದೆ ಬದಲಿಸಿಬಿಡುವುದೇ ಕ್ಷೇಮ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಫ್ಯೂಸ್ ಕಿತ್ತಿಟ್ಟಿದ್ದೇನೆ, ವೈರ್‌ಮನ್ ಒಬ್ಬರಿಗೆ ಹೇಳಿಯೂ ಆಯಿತು. ಹೊಸದಾಗಿ, ಕರೆಂಟ್ ಸೋರಿದರೆ ತಾನಾಗಿ ಲೈನು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿದರೆ ಬೇರೆ ಅರ್ತಿಂಗ್ ಬೇಕೇ ಎಂಬುದೊಂದು ಸಂಶಯ ಉಳಿದಿದೆ.

ಉತ್ತರ 3 (ಕುಂಬಳೆಯಿಂದ)

ಬೇಕೇ ಬೇಕು. ಅರ್ತ್ ಸರಿಯಿದ್ದರೆ ಗೀಸರಿನ ಹೊರಕವಚಕ್ಕೆ ಕರೆಂಟ್ ಸೋರಿದ ಕೂಡಲೇ ಆರ್‌ಸಿಸಿಬಿ ಟ್ರಿಪ್ ಆಗುತ್ತದೆ (ಲೈನು ಕಡಿಯುತ್ತದೆ); ಅರ್ತ್ ಇಲ್ಲದಿದ್ದರೆ ಯಾರಾದರೂ ಅದನ್ನು ಮುಟ್ಟಿ, ಅವರ ಮೈಯೊಳಗಿನಿಂದ ಕರೆಂಟ್ ಹರಿದ ಮೇಲಷ್ಟೇ ಅದು ಟ್ರಿಪ್ ಆಗುತ್ತದೆ. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದವರನ್ನು ಅದು ಕಾಪಾಡಲಾರದು ಎಂಬುದನ್ನೂ ಮನೆಯಲ್ಲಿ ಹೇಳಿಡಿ. ಅದರ ಮೇಲಿರುವ ಟೆಸ್ಟ್ ಬಟನ್ನನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಟ್ರಿಪ್ ಆಗದಿದ್ದರೆ ವೈರ್‌ಮನ್ ಅವರನ್ನು ಅಂದೇ ಕರೆಸಿ.